ನನ್ನ ಹೆಸರಾದ ಮೇಲೆ ಕೂಗುವ ಹೆಸರು

ವಿಚಿತ್ರ ಅನುಭವವಾಯಿತು ಎಂದು ಕಣ್ಣರಳಿಸಿಕೊಂಡು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಓದುತ್ತಿರುವ ನೀವು ಅಂಥವರಲ್ಲಿ ಒಬ್ಬರಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನನ್ನ ಗಂಟೇನೂ ಹೋಗುವುದಿಲ್ಲ. ಈ ದೆವ್ವ ಭೂತಗಳು ಕಾಣಿಸಿಕೊಳ್ಳುವುದು ಯಾವಾಗಲೂ ಮನುಷ್ಯ ಒಬ್ಬನೇ ಇದ್ದಾಗ, ಬೆಳಕಿಲ್ಲದ ಕಡೆ. ಸಾಕ್ಷಿ ಹೇಳಬೇಕಾದವರು ಅಷ್ಟು ಹೊತ್ತಿಗೆ ಸತ್ತಿರುತ್ತಾರೆ. ಹಾಡುಹಗಲಲ್ಲಿ, ಶಾಮಿಯಾನದ ಕೆಳಗೆ, ಎಲ್ಲರ ಕೈಯಲ್ಲೂ ಫೋನಿರುವಾಗ ಯಾವ ದೆವ್ವವಾದರೂ ಬಂದದ್ದುಂಟೇ? ಹೀಗೆಂದು ಎಷ್ಟು ಜನರ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಅದು ನೆನಪಾದಾಗ ನಾಲಗೆ ಕಚ್ಚಿಕೊಳ್ಳಬೇಕು ಅನಿಸುತ್ತದೆ. ಆದರೂ ಕಚ್ಚಿಕೊಳ್ಳುವುದಿಲ್ಲ, ಯಾಕೆಂದರೆ ಅವರಲ್ಲಿ ಬಹಳ ಮಂದಿ ಸುಳ್ಳೇ ಹೇಳುತ್ತಿದ್ದರು.

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಕೊಂಡೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಅಲ್ಲಿಗೆ ಮೈಮೇಲೆ ದೇವರು ಬರುವ ಹೆಂಗಸರನ್ನೂ ಕರೆದುಕೊಂಡು ಬರುತ್ತಿದ್ದರು. ರಕ್ತ ತೆಗೆಯುವ ಮೊದಲೇ ಅವರ ಕಾಯಿಲೆ ನನಗೆ ತಿಳಿದುಬಿಡುತ್ತಿತ್ತು. ಮನೆಯಲ್ಲಿ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಅದೇ ಮಾತನ್ನು ಮಾರಮ್ಮನ ಬಾಯಲ್ಲಿ ಹೇಳಿದರೆ ಅತ್ತೆಯೂ ಕೈಮುಗಿಯುತ್ತಾಳೆ, ಗಂಡನೂ ಬಾಲ ಮುದುರುತ್ತಾನೆ. ಇಷ್ಟೇ ಇದರ ಗುಟ್ಟು. ನನ್ನ ಕೈಕೆಳಗಿನ ಹುಡುಗಿಯರಿಗೆ ಇದನ್ನು ನಗುನಗುತ್ತ ಹೇಳುತ್ತಿದ್ದೆ. ನನ್ನ ಮನೆಯಲ್ಲಂತೂ ನಾನು ಕೆಮ್ಮಿದರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತಿದ್ದರು. ನನಗೆ ಯಾವ ಮಾರಮ್ಮನ ಅಗತ್ಯವೂ ಬಿದ್ದಿರಲಿಲ್ಲ.

ನಮ್ಮದು ಕೊಯಮತ್ತೂರು ಕಡೆ, ಕಾರಮಡೈ ಹತ್ತಿರದ ಹಳ್ಳಿ. ಎಷ್ಟು ತಲೆಮಾರಿನ ಹಿಂದೆ ಘಟ್ಟ ಇಳಿದು ಬಂದೆವೋ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವರು ನಮ್ಮ ಊರಲ್ಲಿ ಒಬ್ಬರೂ ಇರಲಿಲ್ಲ. ನಾನೂ ತಮಿಳು ಶಾಲೆಯಲ್ಲೇ ಓದಿ, ಮದುವೆಯಾಗಿ ಮೈಸೂರು ಸೇರಿ, ಮಗಳ ಒಂದನೇ ತರಗತಿಯ ಪುಸ್ತಕ ಇಟ್ಟುಕೊಂಡು ಅವಳ ಜೊತೆಗೇ ಅ ಆ ಇ ಈ ತಿದ್ದಿದವಳು. ನಿವೃತ್ತಿಯಾದ ಮೇಲೆ ಕೊಯಮತ್ತೂರಿಗೆ ಬಂದು ತಮ್ಮನ ಮನೆಯ ಮಹಡಿಯಲ್ಲಿ ನೆಲೆಸಿದೆ.

ಅದು ಹೇಗೋ ಸರೋಜಾಳ ಕಿವಿಗೆ ಬಿತ್ತು. ಸರೋಜಾ ನನ್ನ ಶಾಲೆಯವಳು, ಈಗ ಕಾಂಗೇಯಂನಲ್ಲಿ ಕೊಬ್ಬರಿ ಎಣ್ಣೆ ಗಿರಣಿ ಇಟ್ಟಿರುವವನ ಹೆಂಡತಿ. ಪಕ್ಕದವಳದ್ದು ನೋಡದೆ ಒಂದು ಲೆಕ್ಕವನ್ನೂ ಮಾಡಿದವಳಲ್ಲ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಅವಳೇ ಯಜಮಾನಿ. ನನ್ನನ್ನು ಕೇಳದೆ ಹೇಳದೆ ಅದರೊಳಗೆ ಎಳೆದು ಹಾಕಿದಳು. ಬೆಳಗಾದರೆ ಗುಲಾಬಿ ಹೂವಿನ ಮೇಲೆ ಶುಭೋದಯ, ಅದರ ಮೇಲೆ ಮುರುಗನ ಫೋಟೋ, ಸಕ್ಕರೆ ಕಾಯಿಲೆಗೆ ಮೆಂತ್ಯದ ಔಷಧಿ. ಯಾರಾದರೂ ಸತ್ತರೆ ಅಳುವ ಗೊಂಬೆಮುಖಗಳ ಸಾಲು. ಅದರ ಕೆಳಗೇ ಇನ್ನೊಬ್ಬರ ಮೊಮ್ಮಗುವಿಗೆ ಕಿವಿ ಚುಚ್ಚಿದ ಸಂಭ್ರಮ. ಓದಿ ಓದಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಕೊರೊನಾ ಕಳೆದು ಜನ ಮತ್ತೆ ಒಟ್ಟು ಸೇರಲು ಶುರುಮಾಡಿದ್ದ ಹೊತ್ತು ಅದು. ಹಳೆಯ ಗೆಳೆಯರೆಲ್ಲ ಸೇರೋಣ ಎಂದು ಸರೋಜಾ ಪ್ರಕಟಿಸಿದಳು. ಶಾಲೆ ಕಾರಮಡೈಯಲ್ಲಿ, ಸೇರುವುದು ಮಾತ್ರ ಕಾಂಗೇಯಂನ ಅವಳ ಗಿರಣಿಯಲ್ಲಿ. ಗಿರಣಿಯನ್ನು ನಾವು ನೋಡದಿದ್ದರೆ ಅವಳಿಗೆ ಅನ್ನ ಸೇರುವುದು ಹೇಗೆ? ಎಲ್ಲರಿಗೂ ತಿಳಿನೀಲಿ ಟೀ ಶರ್ಟ್ ಹೊಲಿಸಿದ್ದಳು, ಹೆಂಗಸರು ಸೀರೆಯ ಮೇಲೆ ಹಾಕಿಕೊಳ್ಳಬೇಕಂತೆ. ಊರಿಗೆಲ್ಲ ಬನಿಯನ್ ಹೊಲಿಯುವ ತಿರುಪ್ಪೂರು ಪಕ್ಕದಲ್ಲೇ ಇರುವುದಕ್ಕೆ ನಾವು ತೆರಬೇಕಾದ ದಂಡ ಎಂದುಕೊಂಡೆ. ನನ್ನದನ್ನು ಮನೆ ಒರೆಸಲು ಇಟ್ಟುಕೊಂಡು ಹತ್ತಿ ಸೀರೆಯಲ್ಲೇ ಹೊರಟೆ. ಹೊರಟದ್ದು ಒಬ್ಬರಿಗಾಗಿ. ನಮಗೆ ತಮಿಳು ಕಲಿಸಿದ ವಾದ್ಯಾರು ಬರುತ್ತಾರೆ ಎಂದಿದ್ದರು. ತಮಿಳಯ್ಯ ಎಂದೇ ನಾವು ಅವರನ್ನು ಕರೆಯುತ್ತಿದ್ದದ್ದು. ಆ ಶಾಲೆಯಲ್ಲಿ ತಲೆಯೊಳಗೆ ಏನಾದರೂ ಇದ್ದದ್ದು ಅವರಿಗೊಬ್ಬರಿಗೇ.

ಇಲ್ಲಿ ರಂಗನಾಯಕಿಯ ವಿಷಯ ಹೇಳಬೇಕು. ಶಾಲೆಯಲ್ಲಿ ಅವಳು ನನ್ನ ಪಕ್ಕ ಕೂರುತ್ತಿದ್ದವಳು. ನಮ್ಮದೂ ಅವರದೂ ಒಂದೇ ಕುಲ, ಅಕ್ಕಪಕ್ಕದ ಬಾಳೆತೋಟ. ಅವಳ ತಾಯಿ ನನಗೆ ದೊಡ್ಡಮ್ಮ. ತರಗತಿಯಲ್ಲಿ ಬೇರೆಯವರಿಗೆ ತಿಳಿಯಬಾರದ್ದನ್ನೆಲ್ಲ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಹಾಜರಿ ಕೂಗುವಾಗ ನನ್ನ ಹೆಸರಾದ ಮೇಲೆ ಅವಳ ಹೆಸರು. ತಮಿಳು ಶಾಲೆಗಳಲ್ಲಿ ಹೆಸರು ಕರೆದರೆ ‘ಉಳ್ಳೇನ್ ಅಯ್ಯಾ’ ಅನ್ನಬೇಕು, ಇದ್ದೇನೆ ಅಯ್ಯಾ ಎಂದು ಅದರರ್ಥ. ರಂಗನಾಯಕಿ ಬಲಗಾಲಿನ ಮೇಲೆ ನಿಂತು, ಎಡಪಾದವನ್ನು ಬಲಪಾದದ ಮೇಲೆ ಏರಿಸಿ ಉಜ್ಜುತ್ತ ಅದನ್ನು ಹೇಳುತ್ತಿದ್ದಳು. ‘ಉಳ್ಳೇನ್’ ಜೋರಾಗಿ ಬರುತ್ತಿತ್ತು, ‘ಅಯ್ಯಾ’ ಬರುವಷ್ಟರಲ್ಲಿ ನಾಚಿಕೆಯಾಗಿ ನುಂಗಿಬಿಡುತ್ತಿದ್ದಳು. ಕೊಕ್ಕರೆ ಎಂದು ನಾನು ಅಡ್ಡಹೆಸರಿಟ್ಟಿದ್ದೆ.

ರಂಗನಾಯಕಿ ಎನ್ನುವುದು ಅವಳ ಅಪ್ಪನ ತಾಯಿಯ ಹೆಸರು. ನಮ್ಮಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡಬೇಕು. ಆದರೆ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಅದಕ್ಕೆ ದೊಡ್ಡಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹೆಸರನ್ನು ಒಂದು ದಿನವೂ ಕೂಗಿದವಳಲ್ಲ. ಮನೆಯಲ್ಲಿ ಅವಳು ಚಿನ್ನಿ. ಅವಳನ್ನು ತಿರುಪ್ಪೂರಿಗೆ ಮದುವೆ ಮಾಡಿಕೊಟ್ಟರು. ಗಂಡ ಕುಡುಕ, ಇವಳು ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹೊರಟವಳು ಕಂಪನಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಪೋಲೀಸ್ ಠಾಣೆಯಲ್ಲಿ ಮಗಳ ಹೆಸರೇನು ಎಂದು ಕೇಳಿದರೆ ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ಸುಮ್ಮನೆ ಕೂತಿದ್ದಳಂತೆ. ಮಗ ಮೂರ್ತಿ ಬಂದು ಹೆಸರು ಹೇಳುವವರೆಗೆ ದೂರು ಬರೆದುಕೊಳ್ಳಲಿಲ್ಲವಂತೆ. ಆ ಅತ್ತೆ ಸತ್ತು ಆಗಲೇ ಎಷ್ಟೋ ಕಾಲವಾಗಿತ್ತು. ಮೈಸೂರಿನಲ್ಲಿ ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಹೋದರೂ ಈ ಜನಕ್ಕೆ ಮಡಿ ಹೋಗಲಿಲ್ಲವಲ್ಲ ಎಂದು ಬಾಯಿಗೆ ಬಂದಂತೆ ಬೈದಿದ್ದೆ.

ನಾವು ವ್ಯಾನಿನಲ್ಲಿ ಕಾಂಗೇಯಂ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೊಬ್ಬರಿ ಒಣಗಿಸುವ ಸಿಮೆಂಟಿನ ಕಣವನ್ನು ಗುಡಿಸಿ ಶಾಮಿಯಾನ ಹಾಕಿದ್ದರು. ಗೇಟಿನ ಹತ್ತಿರ ಕಾಂಗೇಯಂ ತಳಿಯ ಎತ್ತೊಂದನ್ನು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಕಟ್ಟಿದ್ದರು, ಬಂದವರು ಅದರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು. ಅಲ್ಲಿ ಸೇರಿದ್ದವರಲ್ಲಿ ಮರ್ಯಾದೆಯಿಂದ ನಿಂತಿದ್ದದ್ದು ಅದೊಂದೇ. ಉಳಿದವರು ಕುಣಿದರು, ಅಪ್ಪಿಕೊಂಡರು, ನಿನ್ನ ಗುರುತೇ ಸಿಗಲಿಲ್ಲ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿದರು. ಶಾಲೆಯಲ್ಲಿ ಒಬ್ಬರನ್ನೊಬ್ಬರು ಕಂಡರಾಗದವರು ಈಗ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನನ್ನ ಬಲ ಮೊಣಕಾಲು ಸವೆದು ಹೋಗಿ ಕೋಲಿಲ್ಲದೆ ನಿಲ್ಲಲಾರದ ಸ್ಥಿತಿ. ಅದೊಂದು ಒಳ್ಳೆಯದೇ ಆಯಿತು, ಕುರ್ಚಿ ಹಿಡಿದು ಕೂತೆ, ಯಾರೂ ನನ್ನನ್ನು ಕುಣಿಯಲು ಕರೆಯಲಿಲ್ಲ.

ವೇದಿಕೆಯ ಪಕ್ಕದಲ್ಲಿ ಒಂದು ದೊಡ್ಡ ಫ್ಲೆಕ್ಸ್ ನಿಲ್ಲಿಸಿದ್ದರು. ನಮ್ಮನ್ನು ಅಗಲಿದ ಗೆಳೆಯರು ಎಂದು ತಮಿಳಿನಲ್ಲಿ ಬರೆದು, ಸತ್ತವರ ಮುಖಗಳನ್ನು ಹಳೆಯ ಶಾಲಾ ಫೋಟೋದಿಂದ ಕತ್ತರಿಸಿ ಅಂಟಿಸಿದ್ದರು, ಸುತ್ತ ಮೋಡ, ಮೇಲೆ ಪಾರಿವಾಳ. ಅದರಲ್ಲಿ ಕೊನೆಯ ಮುಖ ರಂಗನಾಯಕಿಯದು. ಮುಂದೆ ಒಂದು ಕಂಚಿನ ದೀಪ.

ಸ್ವಲ್ಪ ಹೊತ್ತಿಗೆ ಕಾರಿನಿಂದ ದೊಡ್ಡಮ್ಮ ಇಳಿದಳು, ಜೊತೆಗೆ ಮೂರ್ತಿ. ಅವನು ಕಾರಮಡೈಯಲ್ಲಿ ಬಾಳೆಕಾಯಿ ವ್ಯಾಪಾರ ಮಾಡುತ್ತಾನೆ, ತಾಯಿ ಅವನ ಜೊತೆಗೇ ಇದ್ದಾಳೆ. ಆಗ ನನಗೆ ಇದರ ಹಿಂದಿನ ಹೂಟ ತಿಳಿಯಿತು. ಮೂರ್ತಿಯ ಮಗಳಿಗೆ ಸಂಬಂಧ ಕೂಡಿ ಬಂದಿತ್ತು. ಆದರೆ ಕುಲದ ಹಿರಿಯರು, ಮನೆಮಗಳು ಇದ್ದಾಳೋ ಸತ್ತಳೋ ತೀರ್ಮಾನವಾಗದೆ, ಕರ್ಮ ಮಾಡದೆ ಆ ಮನೆಯಲ್ಲಿ ಶುಭಕಾರ್ಯ ಕೂಡದು ಎಂದು ಪಟ್ಟು ಹಿಡಿದಿದ್ದರು. ದೊಡ್ಡಮ್ಮ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಅವಳಿಗೆ ಮಗಳು ಇನ್ನೂ ಎಲ್ಲೋ ಇದ್ದಾಳೆ, ಬರುತ್ತಾಳೆ. ದಿನವೂ ಒಂದು ಹಿಡಿ ಅನ್ನ ಪಾತ್ರೆಯಲ್ಲಿ ಉಳಿಸಿಯೇ ಪಾತ್ರೆ ಮುಚ್ಚುತ್ತಿದ್ದಳು. ಸರೋಜಾಳೂ ಮೂರ್ತಿಯೂ ಸೇರಿ, ಶಾಲೆಯವರ ಮುಂದೆ ದೀಪ ಹಚ್ಚಿಸಿಬಿಟ್ಟರೆ ಮುಂದಿನದು ಸಲೀಸು ಎಂದು ಯೋಚಿಸಿ, ಸನ್ಮಾನ ಇದೆ ಎಂದು ಸುಳ್ಳು ಹೇಳಿ ಅವಳನ್ನು ಕರೆತಂದಿದ್ದರು.

ದೊಡ್ಡಮ್ಮನಿಗೆ ಫ್ಲೆಕ್ಸಿನ ತಮಿಳು ಓದಲು ಬರುವುದಿಲ್ಲ. ಪಾರಿವಾಳ, ಮೋಡ, ದೀಪ ನೋಡಿದರೆ ಓದುವ ಅಗತ್ಯ ಏನಿದೆ? ಅವಳು ಅಲ್ಲೇ ನಿಂತುಬಿಟ್ಟಳು. ಸರೋಜಾ ಅಮ್ಮಾ ಅಮ್ಮಾ ಎಂದು ತೋಳು ಹಿಡಿದರೆ ಕೊಡವಿಕೊಂಡಳು.

ಮೂರ್ತಿ ನನ್ನ ಹತ್ತಿರ ಬಂದ.

“ಅಕ್ಕಾ, ನೀವ್ ಹೇಳಿದ್ರೆ ಅವ್ವ ಕೇಳ್ತಾಳೆ. ಮಗು ಮದ್ವೆ ನಿಂತೋಗುತ್ತೆ ಅಕ್ಕಾ.”

ಎರಡೂ ಕಡೆಯವರ ಮೇಲೆ ನನಗೆ ಸಿಟ್ಟಿತ್ತು. ಮೋಸ ಮಾಡಿ ಕರೆತಂದ ಇವರ ಮೇಲೆ, ಸತ್ತವಳಿಗೆ ಅನ್ನ ಎತ್ತಿಡುವ ಅವಳ ಮೇಲೆ. ಆದರೆ ಒಂದು ಹುಡುಗಿಯ ಮದುವೆ ಈ ಮೂರ್ಖತನಕ್ಕೆ ನಿಲ್ಲುವುದು ನನಗೆ ಸರಿಕಾಣಲಿಲ್ಲ. ಕೋಲೂರಿಕೊಂಡು ಹೋಗಿ ದೊಡ್ಡಮ್ಮನ ಮುಂದೆ ನಿಂತೆ. ಸುತ್ತಿ ಬಳಸಿ ಮಾತಾಡುವುದು ನನಗೆ ಗೊತ್ತಿಲ್ಲ.

“ದೊಡ್ಡಮ್ಮ, ಬದುಕಿರೋಳು ಇಷ್ಟು ವರ್ಷ ಹೆತ್ತ ತಾಯಿಗೆ ಒಂದು ಮಾತು ಹೇಳ್ದೆ ಇರ್ತಾಳಾ? ಒಂದೋ ಅವಳು ಸತ್ತಿದಾಳೆ, ಇಲ್ಲಾ ನೀನು ಬೇಡಾಂತ ಬಿಟ್ಟಿದಾಳೆ. ಎರಡ್ರಲ್ಲಿ ಯಾವುದು ಬೇಕು ನಿಂಗೆ?”

ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಗಾಯ ತೊಳೆಯುವಾಗ ಉರಿಯುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಅವಳು ಬಾಯಿ ಬಿಟ್ಟಳು, ಚಿಕ್ಕಂದಿನಿಂದ ನನ್ನನ್ನು ಮುದ್ದಿಗೆ ಕರೆಯುವ ಹಾಗೆ ಕಣ್ಣು ಎಂದೇ ಕರೆದು.

“ಸೆರಿ ಕಣ್ಣು. ವಾದ್ಯಾರು ಎಲ್ರ ಪೇರೂ ಕೂಗ್ತಾರಂತಲ್ಲ. ಅವ್ಳ ಪೇರ್ನೂ ಕೂಗ್ಲಿ. ನಾನಂತೂ ಒಂದ್ಸಲನೂ ಕೂಗ್ಲಿಲ್ಲ. ಯಾರೂ ಬಾಯ್ಬಿಡ್ಲಿಲ್ಲಾಂದ್ರೆ ದೀಪ ಹಚ್ಬಿಡ್ತೀನಿ.”

ನನಗೆ ಒಳಗೊಳಗೇ ನಗು ಬಂತು. ತಾನು ಹೆಸರು ಕೂಗದೆ ಇದ್ದದ್ದಕ್ಕೇ ಮಗಳು ಬರಲಿಲ್ಲ ಎಂಬ ಲೆಕ್ಕ ಅವಳದು. ಆಗಲಿ, ಇದಕ್ಕಿಂತ ಸುಲಭದ ಷರತ್ತು ಬೇರೆ ಯಾವುದಿದೆ ಎಂದು ಮೂರ್ತಿಗೆ ಕಣ್ಣಲ್ಲೇ ಹೇಳಿ ನನ್ನ ಕುರ್ಚಿಗೆ ಮರಳಿದೆ. ದೊಡ್ಡಮ್ಮನನ್ನು ದೀಪದ ಪಕ್ಕ ಕೂರಿಸಿದರು.

ಆಮೇಲೆ ತಟ್ಟೆಗಳಲ್ಲಿ ನಮ್ಮ ಬಾಲ್ಯದ ತಿಂಡಿಗಳು ಬಂದವು. ತೇನ್ ಮಿಠಾಯಿ, ಕಡಲೆ ಮಿಠಾಯಿ, ಕಮ್ಮರಕಟ್ಟು. ಹಲ್ಲಿದ್ದಾಗ ತಿನ್ನಬೇಕಾದ್ದನ್ನು ಹಲ್ಲು ಹೋದ ಮೇಲೆ ಕೊಡುವುದು ಸರೋಜಾಳ ಬುದ್ಧಿಗೆ ತಕ್ಕಂತೆಯೇ ಇತ್ತು. ನಾನೊಂದು ಕಮ್ಮರಕಟ್ಟು ಬಾಯಿಗೆ ಹಾಕಿಕೊಂಡೆ. ಕಲ್ಲಿನ ಹಾಗಿದ್ದ ಆ ಬೆಲ್ಲದುಂಡೆ ದವಡೆಗೆ ಕಚ್ಚಿಕೊಂಡು ಅಲ್ಲಾಡಲಿಲ್ಲ.

ತಮಿಳಯ್ಯ ಎದ್ದು ನಿಂತರು. ಎಂಬತ್ತು ದಾಟಿದ ಮನುಷ್ಯ. ಪುಸ್ತಕವಿಲ್ಲದೆ, ನೆನಪಿನಿಂದಲೇ ನಮ್ಮ ಹಾಜರಿ ಕೂಗುತ್ತೇನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿ ಫೋನು ಎತ್ತಿ ಹಿಡಿದರು. ಒಂದೊಂದೇ ಹೆಸರು ಬಂತು. ಬೊಜ್ಜು ಬಂದ ಗಂಡಸರು, ಬಣ್ಣ ಹಚ್ಚಿದ ತಲೆಯ ಹೆಂಗಸರು ಎಳೆ ಮಕ್ಕಳ ದನಿ ಮಾಡಿಕೊಂಡು ಉಳ್ಳೇನ್ ಅಯ್ಯಾ ಎಂದರು. ಸತ್ತವರ ಹೆಸರು ಬಂದಾಗ ಒಂದು ಗಳಿಗೆ ಮೌನ, ಮೂಗೆಳೆಯುವ ಸದ್ದು, ಮತ್ತೆ ಮುಂದಿನ ಹೆಸರು. ಪರೀಕ್ಷೆಗೆ ಓದದೆ ಅಳುತ್ತಿದ್ದವರು ಈಗಲೂ ಹಾಗೇ ಅಳುತ್ತಿದ್ದಾರೆ ಎಂದುಕೊಂಡೆ.

ನನ್ನ ಹೆಸರು ಕರೆದರು. ಕಮ್ಮರಕಟ್ಟು ಕೆನ್ನೆಯಲ್ಲಿಟ್ಟುಕೊಂಡು ಕೂತಲ್ಲಿಂದಲೇ ಏನೋ ಗುಳುಗುಳು ಎಂದೆ. ಸುತ್ತ ಇದ್ದವರು ನಕ್ಕರು.

ಆಮೇಲೆ ಅಯ್ಯ ಸುಮ್ಮನಾದರು. ಮುಂದಿನ ಹೆಸರು ಅವರಿಗೆ ಮರೆತಿತ್ತು. ಮೇಲೆ ನೋಡಿದರು, ತುಟಿ ಆಡಿಸಿದರು. ದೊಡ್ಡಮ್ಮನ ಮುಖ ನೋಡುವುದು ಬೇಡವೆಂದು ನಾನು ಗೇಟಿನ ಕಡೆ ತಿರುಗಿದ್ದೆ. ಎತ್ತು ಬಾಲ ಬೀಸಿ ನೊಣ ಓಡಿಸುತ್ತಿತ್ತು. ಅದರ ಕೊರಳಿಗೆ ಹಾಕಿದ್ದ ಚೆಂಡುಹೂವಿನ ಹಾರದಲ್ಲಿ ಒಂದು ಹೂವು ಜಾರಿ ಕೆಳಗೆ ಬಿತ್ತು. ಇದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

“ಉಳ್ಳೇನ್ ಅಯ್ಯಾ.”

ನನಗೂ ಕೇಳಿಸಿತು. ಉಳ್ಳೇನ್ ಜೋರಾಗಿ, ಅಯ್ಯಾ ನುಂಗಿಕೊಂಡು. ಹಿಂದಿನಿಂದ ಬಂತು ಎಂದುಕೊಂಡೆ. ಯಾರಿವಳು ನಾಚಿಕೆಗೆಟ್ಟವಳು, ಆ ತಾಯಿಯ ಮುಂದೆ ಇಂಥ ಆಟ ಆಡುವವಳು ಎಂದು ಸಿಟ್ಟಿನಿಂದ ಹಿಂತಿರುಗಿದೆ. ಹಿಂದಿನ ಸಾಲಿನವರೆಲ್ಲ ತಲೆ ಎತ್ತಿ ನನ್ನನ್ನೇ ನೋಡುತ್ತ ಕೂತಿದ್ದರು. ತಲೆ ಯಾಕೆ ಎತ್ತಿದ್ದಾರೆ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾನು ಎದ್ದು ನಿಂತಿದ್ದೆ. ಕೋಲು ಕುರ್ಚಿಯ ಕೆಳಗೆ ಬಿದ್ದಿತ್ತು.

ವೇದಿಕೆಯ ಮೇಲಿಂದ ತಮಿಳಯ್ಯ, ಮರೆತದ್ದು ಸಿಕ್ಕಿದ ಸಮಾಧಾನದಲ್ಲಿ ಹೌದು ಹೌದೆಂದು ತಲೆಯಾಡಿಸುತ್ತ, “ಆಮಾ, ರಂಗನಾಯಕಿ” ಎಂದರು.

ಅಷ್ಟರಲ್ಲಿ ಮೊಣಕಾಲು ಕುಸಿಯಿತು. ಪಕ್ಕದವಳು ಹಿಡಿದು ಕೂರಿಸಿದಳು, ಹಿಡಿದವಳೇ ಹಾವು ಮುಟ್ಟಿದವಳ ಹಾಗೆ ನನ್ನನ್ನು ಬಿಟ್ಟು ದೂರ ಸರಿದಳು. ಸರೋಜಾ ಓಡಿ ಬಂದು, ನಿನಗೆ ಚಿಕ್ಕಂದಿನಿಂದಲೂ ಎಲ್ಲರನ್ನೂ ಹೀಯಾಳಿಸುವುದೇ ಚಾಳಿ, ಸತ್ತವಳನ್ನಾದರೂ ಬಿಡಬಾರದಿತ್ತೇ ಎಂದು ಅಳುತ್ತ ಕಿರುಚಿದಳು. ಮೂರ್ತಿಯ ಮುಖ ಕಪ್ಪಿಟ್ಟಿತ್ತು. ಸಹಾಯ ಕೇಳಿದ್ದಕ್ಕೆ ಹೀಗಾ ಮಾಡುವುದು, ಇನ್ನು ಅವ್ವ ಸಾಯುವವರೆಗೂ ಒಪ್ಪುವುದಿಲ್ಲ ಎಂದ. ನಾನು ಹೇಳಿಲ್ಲ ಎಂದೆ. ನನ್ನ ಮಾತನ್ನು ಯಾರೂ ನಂಬಲಿಲ್ಲ. ಯಾಕೆ ನಂಬುತ್ತಾರೆ? ಅವರ ಜಾಗದಲ್ಲಿ ನಾನಿದ್ದಿದ್ದರೆ ನಂಬುತ್ತಿದ್ದೆನೇ?

ದೊಡ್ಡಮ್ಮ ದೀಪದ ಪಕ್ಕದಿಂದ ಎದ್ದು ನಿಧಾನಕ್ಕೆ ನನ್ನ ಹತ್ತಿರ ಬಂದಳು. ಎಲ್ಲರೂ ದಾರಿ ಬಿಟ್ಟರು. ಅವಳು ನನಗೆ ಹೊಡೆಯುತ್ತಾಳೆ ಅಥವಾ ನನ್ನ ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ, ಎರಡೂ ಮಾಡಲಿಲ್ಲ. ಚಿಕ್ಕ ಮಗುವಿಗೆ ಮಾಡುವ ಹಾಗೆ ನನ್ನ ಗಲ್ಲ ಹಿಡಿದು ಉಬ್ಬಿದ ಕೆನ್ನೆಯನ್ನು ಹೆಬ್ಬೆರಳಲ್ಲಿ ಒತ್ತಿ, ಬಾಯಲ್ಲೇನು ಎಂದು ಕೇಳಿದಳು. ಅವಳು ಅಂಗೈ ಚಾಚಿದಳು. ಕಮ್ಮರಕಟ್ಟನ್ನು ದವಡೆಯಿಂದ ಬಿಡಿಸಿ ಉಗಿಯಲು ನಾನು ಒದ್ದಾಡಬೇಕಾಯಿತು. ಇಡಿಯಾಗಿಯೇ ಇತ್ತು. ಅವಳು ಅದನ್ನು ನೋಡಿದಳು, ನನ್ನ ಕಾಲು ನೋಡಿದಳು.

ಮೂರ್ತಿ, ಸರಿ ಅವ್ವಾ, ಮನೆಗೆ ಹೋಗೋಣ, ನಿನ್ನ ಮಗಳು ಇದ್ದಾಳೆ ಅಂತಲೇ ಇಟ್ಟುಕೋ ಎಂದ. ಅವನು ಸೋತುಹೋಗಿದ್ದ. ದೊಡ್ಡಮ್ಮ ಅವನ ಕಡೆ ತಿರುಗಲಿಲ್ಲ. ನನಗೇ ಹೇಳಿದಳು, ನಮ್ಮ ಮನೆಯ ಕನ್ನಡದಲ್ಲಿ.

“ಉಸಿರಿದ್ದಿದ್ರೆ ಅವ್ಳ ಬಾಯಲ್ಲೇ ಹೇಳ್ತಿದ್ಲು ಕಣ್ಣು. ನಿನ್ ಬಾಯ್ ಯಾಕ್ ಬೇಕಿತ್ತು ಅವ್ಳ್ಗೆ?”

ಹಾಗೆಂದು ಹಿಂತಿರುಗಿ ಹೋಗಿ ಬೆಂಕಿಪೊಟ್ಟಣ ಕೇಳಿ ತೆಗೆದುಕೊಂಡು, ತಾನೇ ದೀಪ ಹಚ್ಚಿದಳು. ಗಾಳಿಗೆ ಕೈ ಅಡ್ಡ ಹಿಡಿದು ಅದು ನಿಲ್ಲುವವರೆಗೆ ಕಾದಳು. ಆಮೇಲೆ ಫ್ಲೆಕ್ಸಿನ ಮೇಲಿನ ಆ ಮುಖಕ್ಕೆ ಹೇಳಿದಳು.

“ರಂಗನಾಯಕಿ. ಹೋಗು ತಾಯಿ.”

ನಮ್ಮ ಮನೆಗಳಲ್ಲಿ ಹೊರಟವರಿಗೆ ಹೋಗಿ ಬಾ ಅನ್ನುತ್ತೇವೆ. ಬರೀ ಹೋಗು ಎಂದು, ಅಂಗಡಿಗೆ ಹೊರಟ ಮಗುವಿಗೂ ಹೇಳುವುದಿಲ್ಲ. ಮೂರ್ತಿ ಬೇಕಾದ್ದು ಸಿಕ್ಕಿಯೂ ಕಣದ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ. ತಮಿಳಯ್ಯ ಮುಂದಿನ ಹೆಸರು ಕೂಗಲಿಲ್ಲ. ಅವತ್ತಿನ ಹಾಜರಿ ಅಲ್ಲಿಗೇ ನಿಂತಿತು.

ವಾಪಸು ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಗುಂಪಿನಲ್ಲಿ ಯಾರೋ ಹಾಕಿದ ವೀಡಿಯೊವನ್ನು ನಾನು ತೆರೆದು ನೋಡಿದೆ, ಇವರ ಕಟ್ಟುಕತೆ ಬಯಲಾಗಲಿ ಎಂದು. ಅದರಲ್ಲಿ ಅಯ್ಯ ನನ್ನ ಹೆಸರು ಕರೆಯುತ್ತಾರೆ, ನಾನು ಕೂತು ಗುಳುಗುಳು ಎನ್ನುತ್ತೇನೆ, ಎಲ್ಲರೂ ನಗುತ್ತಾರೆ. ಅಯ್ಯ ತಡವರಿಸುತ್ತಾರೆ. ಆಗ ನಾನು ಏಳುತ್ತೇನೆ. ಕೋಲು ಹಿಡಿಯದೆ, ಕುರ್ಚಿ ಹಿಡಿಯದೆ, ಹತ್ತು ವರ್ಷದ ಹುಡುಗಿ ಏಳುವ ಹಾಗೆ. ಸವೆದುಹೋದ ಆ ಬಲಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಎಡಪಾದವನ್ನು ಬಲಪಾದದ ಮೇಲೆ ಏರಿಸಿ ಉಜ್ಜುತ್ತೇನೆ. ಮುಖ ಗೇಟಿನ ಕಡೆಗೇ ಇದೆ. ತುಟಿ ಅಲ್ಲಾಡುವುದು ಸ್ಪಷ್ಟವಾಗಿ ಕಾಣುತ್ತದೆ. ದನಿ ತಿಳಿಯಾಗಿದೆ, ಬಾಯಲ್ಲಿ ಏನೂ ಇಲ್ಲದವಳ ದನಿ. ಅಯ್ಯ ಆ ಹೆಸರನ್ನು ಹೇಳಿದ್ದು ಅದಾದ ಮೇಲೆಯೇ.

ಇದಕ್ಕೆ ವಿವರಣೆ ನನ್ನ ಹತ್ತಿರ ಇಲ್ಲದೆ ಇಲ್ಲ. ಬೇರೆಯವರಿಗೆ ಹಂಚಿ ಹಂಚಿ ನನ್ನ ಚೀಲ ತುಂಬ ವಿವರಣೆಗಳಿವೆ. ಬಿಸಿಲು, ಹಸಿವು, ದೊಡ್ಡಮ್ಮನಿಗೆ ಆಡಿದ ಒರಟು ಮಾತು ಒಳಗೆ ಕೊರೆಯುತ್ತಿದ್ದದ್ದು, ಹಳೆಯ ಅಭ್ಯಾಸ. ಮನಸ್ಸು ತಾನೇ ಎದ್ದು ಉತ್ತರ ಕೊಟ್ಟಿತು. ನನ್ನ ಲ್ಯಾಬಿಗೆ ಬರುತ್ತಿದ್ದ ಹೆಂಗಸಾದರೆ ನಾನು ಇಷ್ಟು ಹೇಳಿ ಕಳಿಸುತ್ತಿದ್ದೆ, ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು. ನನ್ನ ಮೂಳೆ ವೈದ್ಯರಿಗೆ ಆ ವೀಡಿಯೊ ತೋರಿಸಿದೆ. ಇದು ಆಪರೇಷನ್ನಿನ ನಂತರ ತೆಗೆದದ್ದಾ ಎಂದು ಕೇಳಿದರು. ಇನ್ನೂ ಆಪರೇಷನ್ ಆಗಿಲ್ಲ ಎಂದೆ. ಅವರು ಇನ್ನೊಂದು ಸಲ ನೋಡಿ, ಹೊರಗೆ ತುಂಬ ಜನ ಕಾಯುತ್ತಿದ್ದಾರೆ ಎಂದರು. ಅವರೂ ನನ್ನಂಥವರೇ, ಪಾಪ.

ಮೂರ್ತಿಯ ಮಗಳ ಮದುವೆ ಚೆನ್ನಾಗಿ ಆಯಿತು. ಕರ್ಮವೂ ಅದಕ್ಕೆ ಮೊದಲೇ ಮುಗಿಯಿತು. ಮದುವೆಯಲ್ಲಿ ದೊಡ್ಡಮ್ಮ ಹೊಸ ಸೀರೆ ಉಟ್ಟು, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡಳು. ಈಗ ಅನ್ನ ಎತ್ತಿಡುವುದಿಲ್ಲವಂತೆ. ರಾತ್ರಿ ನಿದ್ದೆ ಬರುತ್ತದಂತೆ. ನನ್ನನ್ನು ಕಂಡಾಗಲೆಲ್ಲ ಕೆನ್ನೆ ಸವರಿ, ನಿನ್ನಿಂದ ತೀರಿತು ಕಣ್ಣು ಎನ್ನುತ್ತಾಳೆ. ಆ ಮಾತು ಕೇಳಿದಾಗ ನಾನು ಏನಾದರೂ ನೆಪ ಹೇಳಿ ಎದ್ದುಬಿಡುತ್ತೇನೆ.

ಯಾಕೆಂದರೆ ನನಗೆ ತೀರಿಲ್ಲ. ಸತ್ತವಳು ಬಂದು ನನ್ನ ಬಾಯಲ್ಲಿ ಮಾತಾಡಿದಳು ಎಂದು ನಾನು ಒಪ್ಪಲಾರೆ. ಒಪ್ಪದಿದ್ದರೆ, ಅವತ್ತು ಮಾತಾಡಿದ್ದು ನಾನೇ. ಹಾಗಾದರೆ ರಂಗನಾಯಕಿ ಸತ್ತಿದ್ದಾಳೆ ಎನ್ನುವುದಕ್ಕೆ ಏನು ಆಧಾರ ಉಳಿಯಿತು? ಏನೂ ಇಲ್ಲ. ಇಪ್ಪತ್ತು ವರ್ಷ ಯಾರ ಮಾತಿಗೂ ಕದಲದ ತಾಯಿ ನನ್ನ ಬಾಯಿಂದ ಬಿದ್ದ ಒಂದು ಮಾತಿಗೆ ಮಗಳನ್ನು ಕಳಿಸಿಕೊಟ್ಟಳು. ಅವಳು ಎಲ್ಲಾದರೂ ಬದುಕಿದ್ದರೆ? ಎಲ್ಲೋ ಒಂದು ಊರಲ್ಲಿ, ಎಲ್ಲೋ ಒಂದು ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ? ಈ ಪ್ರಶ್ನೆಯನ್ನು ದೊಡ್ಡಮ್ಮ ಕೇಳುತ್ತಿದ್ದಾಗ ನಾನು ಅವಳನ್ನು ಹುಚ್ಚಿ ಎಂದುಕೊಂಡಿದ್ದೆ.

ತಿರುಪ್ಪೂರಿಗೆ ಹೋದರೆ ಬಸ್ ನಿಲ್ದಾಣದಲ್ಲಿ, ಕಂಪನಿ ಬಿಡುವ ಹೊತ್ತಿಗೆ ನಡೆದು ಬರುವ ನನ್ನ ವಯಸ್ಸಿನ ಹೆಂಗಸರ ಕಾಲುಗಳನ್ನು ನೋಡುತ್ತ ನಿಲ್ಲುತ್ತೇನೆ. ಸರೋಜಾಳ ಗುಂಪನ್ನು ಬಿಟ್ಟಿಲ್ಲ. ಗುಲಾಬಿ ಹೂವು, ಮೆಂತ್ಯದ ಔಷಧಿ ಎಲ್ಲವನ್ನೂ ಕೊನೆಯವರೆಗೆ ಓದುತ್ತೇನೆ, ಅದರ ನಡುವೆ ಏನಾದರೂ ಸುದ್ದಿ ಇದ್ದೀತು ಎಂದು. ಗೊತ್ತಿಲ್ಲದ ನಂಬರಿನ ಫೋನುಗಳನ್ನು ಮೊದಲು ಎತ್ತುತ್ತಲೇ ಇರಲಿಲ್ಲ, ಎತ್ತಿದರೂ ಉಗಿದು ಇಡುತ್ತಿದ್ದೆ. ಈಗ ಒಂದನ್ನೂ ಬಿಡುವುದಿಲ್ಲ. ಎತ್ತಿ, ಯಾರು ಎಂದು ಕೇಳದೆ, ರಂಗನಾಯಕಿ ಎಂದು ಒಂದು ಸಲ ಕರೆದು ಕಾಯುತ್ತೇನೆ. ಆ ಕಡೆಯಿಂದ ಯಾವುದೋ ಹುಡುಗಿ ತಮಿಳಿನಲ್ಲಿ, ಸಾಲ ಏನಾದರೂ ಬೇಕಾ ಮೇಡಂ ಎಂದು ಕೇಳುತ್ತಾಳೆ. ಬೇಡಮ್ಮಾ ಎಂದು ಹೇಳಿ ಇಡುತ್ತೇನೆ.